ಉಚಿತದ ಅನೌಚಿತ್ಯ

ಸಂಸ್ಕೃತದಲ್ಲಿ ‘ಉಚಿತ’ವೆಂದರೆ ಯೋಗ್ಯವಾದದ್ದು, ತಕ್ಕದ್ದು. ಕನ್ನಡದಲ್ಲಿ ಅದೇ ಶಬ್ದಕ್ಕೆ ಬೆಲೆಯಿಲ್ಲದೆ ದೊರೆಯುವುದೆಂಬ ಅರ್ಥವೂ ರೂಢಿಯಾಗಿದೆ. ಈ ಎರಡು ಅರ್ಥಗಳಿಗಿರುವ ಅಂತರವನ್ನು ತಿಳಿಯಬೇಕೆನ್ನುವವರು ದಾವಣಗೆರೆ-ಹರಿಹರಗಳಂಥ ಊರುಗಳ ಗೃಹಸ್ಥರನ್ನು ಹುಡುಕಿಕೊಂಡು ಬರುವ ಒಂದು ಬಗೆಯ ದೂರವಾಣಿ ಕರೆಯನ್ನು ಪರೀಕ್ಷಿಸಿದರೆ ಸಾಕು. ತಾವು ಅದೃಷ್ಟಶಾಲಿಗಳೆಂದು ಆರಿಸಲ್ಪಟ್ಟಿದ್ದೀರಿ. ಮೂರು ಹಗಲು ಎರಡು ರಾತ್ರಿಗಳ ವಿಹಾರವು ತಮಗೆ ಉಚಿತ. ದಂಪತಿಗಳು ಕೂಡಿ ಇಂಥ ಹೋಟೆಲಿಗೆ ಬಂದು ಒಂದೂವರೆ ಗಂಟೆ ಕುಳಿತು ಮಾತು ಕೇಳಿದರಾಯಿತು, ಎಂಬುದೇ ಆ ಕರೆಯ ಸಾರಾಂಶ. ಎಂದೋ ವಸ್ತುಪ್ರದರ್ಶನದಲ್ಲಿಯೋ ಪೆಟ್ರೋಲ್ ಬಂಕಿನಲ್ಲಿಯೋ ಚೀಟಿಯ ಮೇಲೆ ಹೆಸರು ಬರೆದು ಪೆಟ್ಟಿಗೆಗೆ ಹಾಕಿದ್ದ ಮರೆತ ಮಾತು ಹೀಗೆ ಫಲಿಸುತ್ತದೆ.

ಹೀಗೆ ಮಾರಲ್ಪಡುವ ಪದಾರ್ಥದ ಹೆಸರು ‘ಟೈಮ್‌ಶೇರ್’. ವಿಹಾರಧಾಮದ ಕೋಣೆಯನ್ನು ಕಾಲದಿಂದ ತುಂಡುಮಾಡಿ ವರ್ಷಕ್ಕೊಂದು ವಾರದಂತೆ ಹಲವರಿಗೆ ಹಂಚುವ ಈ ಪದ್ಧತಿಯು 1960ರ ದಶಕದಲ್ಲಿ ಯೂರೋಪಿನಲ್ಲಿ ಹುಟ್ಟಿತು. ಭಾರತದಲ್ಲಿ 1986ರಲ್ಲಿ ಸ್ಟರ್ಲಿಂಗ್, 1996ರಲ್ಲಿ ಮಹೀಂದ್ರಾ ಹಾಲಿಡೇಸ್ ಎಂಬ ಸಂಸ್ಥೆಗಳು ಸ್ಥಾಪಿತವಾದವು; ಅವುಗಳ ಹಿಂದೆ ಸಣ್ಣಪುಟ್ಟವು ಹಲವು ಬಂದವು, ಕೆಲವು ಹೋದವು. ಇಲ್ಲಿ ಸಾಮಾನ್ಯವಾಗಿ ಸದಸ್ಯನಿಗೆ ದೊರೆಯುವುದು ನೆಲದ ಒಡೆತನವಲ್ಲ, ಇಷ್ಟು ವರ್ಷಗಳವರೆಗೆ ಉಪಯೋಗಿಸುವ ಹಕ್ಕು ಮಾತ್ರ. ಇಪ್ಪತ್ತೈದು ವರ್ಷವೆಂಬುದು ವಾಡಿಕೆಯ ಅವಧಿ.

ವಿಹಾರವು ದೋಷವಲ್ಲ. ವರ್ಷವೆಲ್ಲ ದುಡಿದ ಗೃಹಸ್ಥನು ಮಕ್ಕಳು ಮರಿಗಳೊಡನೆ ಮಡಿಕೇರಿಗೋ ಊಟಿಗೋ ಹೋಗಿ ನಾಲ್ಕು ದಿನ ಇದ್ದು ಬರುವುದು ಸರ್ವಥಾ ಯುಕ್ತವೇ. ಆಕ್ಷೇಪವಿರುವುದು ಮಾರುವ ವಿಧಾನಕ್ಕೆ. ಒಂದೂವರೆ ಗಂಟೆಯೆಂದದ್ದು ಮೂರು ಗಂಟೆಯಾಗುತ್ತದೆ. ಮೊದಲು ಕಾಫಿ, ಉಪಚಾರ, ಕುಶಲಪ್ರಶ್ನೆ. ಅನಂತರ ಹಿಮಗಿರಿ, ಸಮುದ್ರತೀರಗಳ ಚಿತ್ರಗಳು. ಅದರ ಮೇಲೆ ಬೆಲೆ. ಏಳು ಲಕ್ಷವೆಂದದ್ದು ಐದಾಗುತ್ತದೆ, ‘ಮೇಲಧಿಕಾರಿ’ಯೊಬ್ಬನು ಬಂದೊಡನೆ ನಾಲ್ಕಾಗುತ್ತದೆ; ಆದರೆ ಇಂದು ಮಾತ್ರ, ಈಗ ಮಾತ್ರ. ಪಕ್ಕದ ಮೇಜಿನಲ್ಲಿ ಯಾರೋ ರುಜು ಹಾಕಿದರೆಂದು ಚಪ್ಪಾಳೆ. ದಂಪತಿಗಳಿಬ್ಬರೂ ಬರಲೇಬೇಕೆಂಬ ನಿಬಂಧನೆಯ ಗುಟ್ಟು ಇಲ್ಲಿ ಹೊರಬೀಳುತ್ತದೆ: ‘ಮನೆಯಲ್ಲಿ ಕೇಳಿ ಹೇಳುತ್ತೇನೆ’ ಎಂಬ, ನಮ್ಮ ಸಂಸಾರಗಳನ್ನು ತಲೆತಲಾಂತರದಿಂದ ಕಾಪಾಡಿದ ಆ ಒಂದು ಮಾತಿಗೆ ಎಡೆಯಿಲ್ಲದಂತೆ ಮಾಡುವುದೇ ಅದರ ಉದ್ದೇಶ. ನಾಳೆ ಬೆಳಿಗ್ಗೆ ವಿಚಾರಮಾಡಿದರೆ ನಿಲ್ಲಲಾರದ ವ್ಯಾಪಾರಕ್ಕಲ್ಲವೇ ಇಂದೇ ರುಜು ಬೇಕಾಗುವುದು?

ನ್ಯಾಯಶಾಸ್ತ್ರದಲ್ಲಿ ‘ಛಲ’ವೆಂಬುದೊಂದು ದೋಷವನ್ನು ಹೇಳಿದೆ. ‘ನವಕಂಬಲ’ನೆಂದರೆ ಹೊಸ ಕಂಬಳಿಯವನೆಂದು ಒಬ್ಬನು ಆಡಿದರೆ, ಒಂಬತ್ತು ಕಂಬಳಿಗಳೆಲ್ಲಿ ಎಂದು ಇನ್ನೊಬ್ಬನು ಕೇಳುವುದು ಅದರ ಪ್ರಸಿದ್ಧ ಉದಾಹರಣೆ. ಅಲ್ಲಿ ಕೇಳುವವನು ಶಬ್ದಾರ್ಥವನ್ನು ತಿರುಚುತ್ತಾನೆ. ಇಲ್ಲಿಯಾದರೋ ಆಡುವವನೇ ತಿರುಚುತ್ತಾನೆ. ‘ಉಚಿತ ವಿಹಾರ’ವೆಂದರೆ ಕೋಣೆ ಮಾತ್ರ, ಪ್ರಯಾಣ, ಊಟ, ತೆರಿಗೆಗಳು ಬೇರೆ. ‘ಯಾವಾಗ ಬೇಕಾದರೂ’ ಎಂದರೆ ಕೋಣೆ ಖಾಲಿಯಿದ್ದಾಗ. ಬೇಸಗೆಯ ರಜದಲ್ಲಿ, ದಸರೆಯಲ್ಲಿ, ಅಂದರೆ ಮಕ್ಕಳಿಗೆ ಶಾಲೆಯಿಲ್ಲದಾಗ, ಅದು ಖಾಲಿಯಿರುವುದು ಅಪರೂಪ. ಪ್ರತ್ಯುಪಕಾರವನ್ನು ಬಯಸಿ ಕೊಟ್ಟದ್ದು ಸಾತ್ವಿಕ ದಾನವಲ್ಲವೆಂದು ಗೀತೆಯ ಹದಿನೇಳನೆಯ ಅಧ್ಯಾಯವು ಹೇಳುತ್ತದೆ. ಬಯಸಿದ್ದನ್ನು ಮರೆಸಿ ಕೊಟ್ಟದ್ದಕ್ಕೆ ದಾನವೆಂಬ ಹೆಸರೇ ಸಲ್ಲದು.

ಇನ್ನು ಲೆಕ್ಕವನ್ನು ನೋಡೋಣ. ಉದಾಹರಣೆಗಾಗಿ ನಾಲ್ಕು ಲಕ್ಷ ರೂಪಾಯಿಯ ಸದಸ್ಯತ್ವವನ್ನೂ ವರ್ಷಕ್ಕೆ 20,000 ರೂಪಾಯಿಯ ನಿರ್ವಹಣಾ ಶುಲ್ಕವನ್ನೂ ಇಟ್ಟುಕೊಳ್ಳೋಣ. ಆ ನಾಲ್ಕು ಲಕ್ಷವು ಬ್ಯಾಂಕಿನಲ್ಲಿದ್ದು ನೂರಕ್ಕೆ ಏಳರಂತೆ ಬಡ್ಡಿ ಬಂದರೆ ವರ್ಷಕ್ಕೆ 28,000. ಎರಡೂ ಕೂಡಿ 48,000. ಏಳು ರಾತ್ರಿಗಳಿಗೆ ಹಂಚಿದರೆ ರಾತ್ರಿಯೊಂದಕ್ಕೆ 6,850ಕ್ಕೂ ಹೆಚ್ಚು. ಶುಲ್ಕವು ವರ್ಷಕ್ಕೆ ನೂರಕ್ಕೆ ಆರರಂತೆ ಏರಿದರೆ ಹನ್ನೆರಡು ವರ್ಷಗಳಲ್ಲಿ ಇಮ್ಮಡಿಯಾಗುತ್ತದೆ. ಹೋಗದ ವರ್ಷವೂ ಶುಲ್ಕವು ತಪ್ಪದು. ಇಪ್ಪತ್ತೈದು ವರ್ಷಗಳ ಕೊನೆಗೆ ಬ್ಯಾಂಕಿನಲ್ಲಿಟ್ಟವನಿಗೆ ಅಸಲು ಉಳಿದಿರುತ್ತದೆ. ಸದಸ್ಯನಿಗೆ ಉಳಿಯುವುದು ಭಾವಚಿತ್ರಗಳು. ನಡುವೆ ಮಾರಿಬಿಡೋಣವೆಂದರೆ ಕೊಳ್ಳುವವರು ಸಿಕ್ಕುವುದು ದುರ್ಲಭ.

ಪೂರ್ವಪಕ್ಷವನ್ನೂ ಕೇಳಬೇಕಷ್ಟೆ. ಪ್ರತಿವರ್ಷ ಸದಸ್ಯತ್ವವನ್ನು ಉಪಯೋಗಿಸಿ ಸಂತೋಷಪಡುವ ಕುಟುಂಬಗಳಿವೆ. ಮುಂಗಡವಾಗಿ ಹಣ ಕೊಟ್ಟಿದ್ದರಿಂದಲೇ ಜಿಪುಣನೂ ಹೆಂಡತಿಮಕ್ಕಳನ್ನು ಹೊರಗೆ ಕರೆದೊಯ್ಯುತ್ತಾನೆ ಎನ್ನುವವರಿದ್ದಾರೆ. ಇದು ಅಲ್ಲಗಳೆಯತಕ್ಕದ್ದಲ್ಲ. ಆದರೆ ಅಂಥ ಕುಟುಂಬಗಳಿಗೆ ಈ ಪದಾರ್ಥವು ನಿಜವಾಗಿ ಹಿತವಾಗಿದ್ದರೆ, ಕರಾರುಪತ್ರವನ್ನು ಮನೆಗೆ ಒಯ್ದು, ಹದಿನೈದು ದಿನ ಓದಿ, ಲೆಕ್ಕ ಹಾಕಿ, ಆಮೇಲೆಯೂ ಅವರು ಕೊಂಡಾರು. ಪ್ರಾಪ್ತವಯಸ್ಕರು ತಾವಾಗಿಯೇ ರುಜು ಹಾಕಿದರಲ್ಲ ಎಂಬ ಇನ್ನೊಂದು ವಾದವು ಇನ್ನೂ ದುರ್ಬಲ. ಆತುರವನ್ನು ಹುಟ್ಟಿಸಿ ಪಡೆದ ಸಮ್ಮತಿಯು ಆತುರದ್ದೇ ಹೊರತು ವಿವೇಕದ್ದಲ್ಲ.

ಹರಿಹರದವರಿಗೆ ಈ ವಿಷಯದಲ್ಲಿ ಎರಡು ಪಾಠಗಳು ಊರಿನಲ್ಲಿಯೇ ಇವೆ. 1224ರಲ್ಲಿ ಹೊಯ್ಸಳರ ಕಾಲದಲ್ಲಿ ಕಟ್ಟಿದ ಹರಿಹರೇಶ್ವರ ದೇವಾಲಯದ ಆವರಣದಲ್ಲಿ ಶಿಲಾಶಾಸನಗಳು ನಿಂತಿವೆ. ಕೊಟ್ಟವರು ಯಾರು, ಕೊಟ್ಟದ್ದೇನು, ಅದು ಯಾವ ಸೇವೆಗೆ, ಅದರ ಎಲ್ಲೆಯೆಲ್ಲಿ ಎಂಬುದನ್ನು ಬಯಲಿನಲ್ಲಿ, ಕಲ್ಲಿನಲ್ಲಿ, ಎಲ್ಲರ ಕಣ್ಣಿಗೆ ಬೀಳುವಂತೆ ಕೆತ್ತಿಸುವುದು ನಮ್ಮ ದಾನಶಾಸನಗಳ ಪದ್ಧತಿ. ನಿಬಂಧನೆಗಳನ್ನು ಇರುವೆಯ ಸಾಲಿನಂಥ ಅಕ್ಷರಗಳಲ್ಲಿ ಹಿಂಬದಿಯ ಪುಟಗಳಲ್ಲಿ ಅಡಗಿಸುವ ಕರಾರುಪತ್ರಗಳನ್ನು ಅವುಗಳ ಮುಂದಿಟ್ಟು ನೋಡಲಿ. ಎರಡನೆಯದು, 1941ರಲ್ಲಿ ಸ್ಥಾಪಿತವಾಗಿ ಊರಿಗೆ ಹೆಸರನ್ನೂ ಅನ್ನವನ್ನೂ ತಂದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಇಂದು ಇಲ್ಲ. ಯಂತ್ರ, ಕಟ್ಟಡ, ಕುಶಲಕರ್ಮಿಗಳು ಎಲ್ಲವೂ ಇದ್ದ ಸಂಸ್ಥೆಯೇ ಕಾಲವಶವಾದುದನ್ನು ಕಂಡ ಊರಿನಲ್ಲಿ, ಹೋಟೆಲಿನ ಬಾಡಿಗೆಯ ಸಭಾಂಗಣದಲ್ಲಿ ಒಂದು ಸಂಜೆ ಪರಿಚಯವಾದವನ ಇಪ್ಪತ್ತೈದು ವರ್ಷಗಳ ಭಾಷೆಯನ್ನು ನಂಬಿ ನಿವೃತ್ತಿಯ ಹಣವನ್ನು ಒಪ್ಪಿಸುವುದು ಹೇಗೆ ವಿವೇಕವಾದೀತು?

ಕಾನೂನು ಏನೂ ಇಲ್ಲವೆಂದಲ್ಲ. ವ್ಯವಹಾರದ ಬೆಲೆಯಲ್ಲಿಯೇ ಅಡಗಿದ್ದನ್ನು ಉಚಿತವೆಂಬಂತೆ ತೋರಿಸುವುದೂ, ಕೊಡುವ ಮನಸ್ಸಿಲ್ಲದೆ ಬಹುಮಾನವನ್ನು ಘೋಷಿಸುವುದೂ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿಗಳು. ಗ್ರಾಹಕನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಹರಿಹರದವನು ಮುಂಬಯಿ-ಚೆನ್ನೈಗಳಿಗೆ ಅಲೆಯಬೇಕಾಗಿಲ್ಲ, ದಾವಣಗೆರೆಯ ಜಿಲ್ಲಾ ಗ್ರಾಹಕ ಆಯೋಗವೇ ಸಾಕು. ಕೊಟ್ಟ ಹಣವು ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಅವಧಿ ಎರಡು ವರ್ಷ. 1915 ಎಂಬ ದೂರವಾಣಿ ಸಂಖ್ಯೆಯಲ್ಲಿ ಸಲಹೆಯೂ ದೊರೆಯುತ್ತದೆ.

ಆದರೆ ಇದೆಲ್ಲವೂ ಹಣ ಹೋದ ಮೇಲಿನ ಚಿಕಿತ್ಸೆ. ಯೂರೋಪಿನ ಒಕ್ಕೂಟವು 2008ರ ತನ್ನ ನಿರ್ದೇಶದಲ್ಲಿ, ಟೈಮ್‌ಶೇರ್ ಕೊಂಡವನು ಕಾರಣ ಹೇಳದೆಯೇ ಹದಿನಾಲ್ಕು ದಿನಗಳೊಳಗೆ ಹಿಂದೆಗೆಯಬಹುದೆಂದೂ, ಆ ಅವಧಿಯಲ್ಲಿ ಮುಂಗಡ ಹಣವನ್ನು ಮುಟ್ಟಕೂಡದೆಂದೂ ವಿಧಿಸಿತು. ಟೈಮ್‌ಶೇರಿಗೆಂದೇ ಇಂಥ ಪ್ರತ್ಯೇಕ ಅಧಿನಿಯಮವು ನಮ್ಮಲ್ಲಿ ಇಲ್ಲದಿರುವುದು ದೊಡ್ಡ ಕೊರತೆ. ಜಿಲ್ಲೆಯ ಪ್ರತಿನಿಧಿಗಳು ಇದನ್ನು ವಿಧಾನಮಂಡಲದಲ್ಲಿಯೂ ಸಂಸತ್ತಿನಲ್ಲಿಯೂ ಎತ್ತಬೇಕು.

ಅಲ್ಲಿಯವರೆಗೆ ಆ ಹದಿನಾಲ್ಕು ದಿನಗಳ ನಿಯಮವನ್ನು ಪ್ರತಿಯೊಂದು ಮನೆಯೂ ತಾನೇ ಮಾಡಿಕೊಳ್ಳತಕ್ಕದ್ದು. ಕರೆ ಬಂದಾಗ ಬಹುಮಾನವನ್ನು ಬರಹದಲ್ಲಿ ಕೇಳಬೇಕು. ಹೋಗಲೇಬೇಕೆನಿಸಿದರೆ ಬ್ಯಾಂಕಿನ ಕಾರ್ಡನ್ನು ಮನೆಯಲ್ಲಿಟ್ಟು ಹೋಗಬೇಕು. ಕರಾರುಪತ್ರವನ್ನು ಮನೆಗೆ ಕೊಡದವನ ಮುಂದೆ ಲೇಖನಿಯನ್ನು ತೆರೆಯಕೂಡದು. ಬಾಯಲ್ಲಿ ಹೇಳಿದ್ದು ಪತ್ರದಲ್ಲಿಲ್ಲದಿದ್ದರೆ ಅದನ್ನು ಹೇಳಲೇ ಇಲ್ಲವೆಂದು ತಿಳಿಯಬೇಕು. ಇಷ್ಟು ಮಾಡಿದ ದಂಪತಿಗಳಿಗೆ ಆ ಸಂಜೆ ನಷ್ಟವಾಗುವುದು ಮೂರು ಗಂಟೆ ಮಾತ್ರ. ಇಪ್ಪತ್ತೈದು ವರ್ಷ ಉಳಿಯುತ್ತದೆ.