ಅರವತ್ತು ಅಂಕದ ಹೊಸ್ತಿಲು

ತಮಿಳುನಾಡಿನ ಹೊಸೂರು ಬಸ್ ನಿಲ್ದಾಣದ ಹತ್ತಿರ ಬೆಳಗಿನ ಐದೂವರೆಗೆ ಟೀ ಕುಡಿಯುತ್ತ ನಿಂತರೆ ಯಾರ ಕೆಲಸ ಎಂಥದ್ದು ಅಂತ ಕೊರಳು ನೋಡಿಯೇ ಹೇಳಬಹುದು. ಟ್ಯಾಗಿನಲ್ಲಿ ಕಂಪನಿಯ ಹೆಸರಿದ್ದರೆ ಕಾಯಂ, ಏಜೆನ್ಸಿಯ ಹೆಸರಿದ್ದರೆ ಕಾಂಟ್ರಾಕ್ಟ್. ತಳಿ ಕಡೆಯ ಹುಡುಗನೊಬ್ಬ ನನಗೆ ಪರಿಚಯ. ಐಟಿಐ ಫಿಟ್ಟರ್, ನಾಲ್ಕು ವರ್ಷದಲ್ಲಿ ಮೂರು ಟ್ಯಾಗ್ ಬದಲಾಗಿವೆ. ಮೂರೂ ಏಜೆನ್ಸಿಯವೇ.

ಅವನಂಥವರಿಗೆ ಭರವಸೆಗಳ ಬರವೇನೂ ಇಲ್ಲ. 2021ರ ವಿಧಾನಸಭಾ ಚುನಾವಣೆಯಲ್ಲಿ ಕಾರ್ಖಾನೆ ಕೆಲಸದ ಶೇ 75 ಭಾಗ ಸ್ಥಳೀಯರಿಗೇ ಸಿಗುವಂತೆ ಕಾನೂನು ತರುತ್ತೇವೆ ಅಂದಿತು ಡಿಎಂಕೆ. ಸರ್ಕಾರಿ ನೌಕರರಿಲ್ಲದ ಮನೆಗೊಂದು ಸರ್ಕಾರಿ ಕೆಲಸ ಅಂದಿತು ಎಐಎಡಿಎಂಕೆ. ಸೋತವರ ಮಾತು ಬಿಡಿ. ಗೆದ್ದವರ ಕಾನೂನು 2024 ಮುಗಿದರೂ ಬರಲಿಲ್ಲ. ಅಂಥದೇ ಹರಿಯಾಣದ ಕಾನೂನನ್ನು 2023ರ ನವೆಂಬರಿನಲ್ಲಿ ಹೈಕೋರ್ಟ್ ರದ್ದು ಮಾಡಿತ್ತು. ಕರ್ನಾಟಕದ ಮಸೂದೆ 2024ರ ಜುಲೈನಲ್ಲಿ ಸಂಪುಟ ಒಪ್ಪಿದ ಬೆನ್ನಿಗೇ ಕಪಾಟು ಸೇರಿತು. ಬಂದಿದ್ದರೂ ಈ ಹುಡುಗನಿಗೇನು? ಕನ್ನಡ ಬಂದರೆ ಸಾಲದು, ಕರ್ನಾಟಕದಲ್ಲಿ ಹುಟ್ಟಿ 15 ವರ್ಷ ಅಲ್ಲೇ ಇದ್ದಿರಬೇಕಿತ್ತು.

ಇನ್ನು ಭತ್ಯೆ. ಉದ್ಯೋಗ ವಿನಿಮಯ ಕೇಂದ್ರದಲ್ಲಿ ಹೆಸರು ಬರೆಸಿ ಐದು ವರ್ಷ ಕಾದ ಪದವೀಧರನಿಗೆ ತಮಿಳುನಾಡು ಕೊಡುವುದು ತಿಂಗಳಿಗೆ 600 ರೂಪಾಯಿ. ಅತ್ತಿಬೆಲೆ ದಾಟಿದರೆ ಕರ್ನಾಟಕದ ಯುವನಿಧಿ, 3,000. ಬಸ್ಸಿನಲ್ಲಿ ಕಾಲು ಗಂಟೆಯ ದಾರಿ.

ನನಗೆ ಹೊಟ್ಟೆ ಉರಿಯುವುದು ಇವಕ್ಕಲ್ಲ. ಈ ಹುಡುಗ ತಮಿಳುನಾಡು ಸರ್ಕಾರಿ ಕೆಲಸದ ಗ್ರೂಪ್ 4 ಪರೀಕ್ಷೆ ಬರೆಯಬೇಕೆಂದಿದ್ದಾನೆ. ಗ್ರಾಮ ಆಡಳಿತಾಧಿಕಾರಿ, ಕಿರಿಯ ಸಹಾಯಕ, ಟೈಪಿಸ್ಟ್ ಹುದ್ದೆಗಳೆಲ್ಲ ಅದರಲ್ಲೇ ಬರುತ್ತವೆ. ಟೈಪಿಂಗ್ ಹುದ್ದೆಗಳನ್ನು ಬಿಟ್ಟರೆ ಹೆಚ್ಚಿನವಕ್ಕೆ ಹತ್ತನೇ ತರಗತಿ ಪಾಸಾದರೆ ಸಾಕು. ಆದರೆ 2021ರ ಡಿಸೆಂಬರಿನ ಆದೇಶದ ಪ್ರಕಾರ ಮೊದಲು ತಮಿಳು ಭಾಗದ 150 ಅಂಕದಲ್ಲಿ 60 ಬರಬೇಕು. ಬರದಿದ್ದರೆ ಉಳಿದ ಉತ್ತರ ತಿದ್ದುವುದೇ ಇಲ್ಲ.

ಇವನು ಓದಿದ್ದು ಕನ್ನಡ ಮಾಧ್ಯಮ. ತಮಿಳುನಾಡಿನ 2006ರ ಕಾನೂನು ಒಂದನೇ ತರಗತಿಯಿಂದ ತಮಿಳನ್ನು ಕಡ್ಡಾಯ ಮಾಡಿತು. ಆ ಮಕ್ಕಳು ಹತ್ತನೇ ತರಗತಿಗೆ ಬಂದಾಗ ಭಾಷಾ ಅಲ್ಪಸಂಖ್ಯಾತರು ಕೋರ್ಟಿಗೆ ಹೋದರು, ತಮಿಳು ಪರೀಕ್ಷೆಯಿಂದ ಮತ್ತೆ ಮತ್ತೆ ವಿನಾಯಿತಿ ತಂದರು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇನ್ನೊಂದು ವರ್ಷಕ್ಕೆ ವಿಸ್ತರಿಸಿತು. ನಾವೆಲ್ಲ ಗೆದ್ದೆವು ಅಂತ ಬೀಗಿದೆವು. ಶಾಲೆಯ ಬಾಗಿಲಲ್ಲಿ ತೆಗೆಸಿದ ಅಡ್ಡಗಟ್ಟೆ ಕಚೇರಿಯ ಬಾಗಿಲಲ್ಲಿ ಎದ್ದು ನಿಂತೀತು ಅಂತ ಯಾರಿಗೂ ಹೊಳೆಯಲಿಲ್ಲ, ನನಗೂ.

ತಮಿಳು ಬೇಡ ಅನ್ನುವ ವಾದ ನನ್ನದಲ್ಲ. ಊರಿನ ಲೆಕ್ಕಪತ್ರ ನೋಡುವವನಿಗೆ ಊರಾಳುವ ಭಾಷೆ ಬರಲೇಬೇಕು. ಸಂತೆಯಲ್ಲಿ, ಶಾಪ್‌ಫ್ಲೋರಿನಲ್ಲಿ ಇವನ ತಮಿಳು ನೀರು ಕುಡಿದಷ್ಟು ಸಲೀಸು. ಕುತ್ತು ಬರುವುದು ತಿರುಕ್ಕುರಳ್, ವ್ಯಾಕರಣದ ಪ್ರಶ್ನೆಗಳಲ್ಲಿ. ಆ ಅರವತ್ತು ಅಂಕಕ್ಕೆ ಆರು ತಿಂಗಳ ಸಂಜೆ ತರಗತಿ ಸಾಕು. ಒಬ್ಬ ಮೇಷ್ಟ್ರು, ಒಂದು ಶಾಲಾ ಕೊಠಡಿ. ಓಟು ಕೇಳಲು ಇಲ್ಲಿ ತಮಿಳು, ತೆಲುಗು, ಕನ್ನಡ ಮೂರರಲ್ಲೂ ಮೈಕು ಕೂಗುತ್ತದೆ. ಇಂಥ ತರಗತಿ ನಡೆಸುತ್ತೇವೆ ಅಂತ ಯಾವ ಮೈಕೂ ಕೂಗಿದ್ದನ್ನು ನಾನು ಕೇಳಿಲ್ಲ.

ಮೊನ್ನೆ ಕಂಪನಿ ಬಸ್ ಹತ್ತುವಾಗ ಹುಡುಗ ತಿರುಗಿ, "ಅಣ್ಣಾ, ತಮಿಳು ಹೇಳಿಕೊಡೋರು ಯಾರಾದ್ರೂ ಇದ್ರೆ ನೋಡಿ. ಭಾನುವಾರ ಮಾತ್ರ ಆಗುತ್ತೆ" ಅಂದ. ಮುಂದಿನ ವಾರದಿಂದ ಅವನಿಗೆ ನೈಟ್ ಶಿಫ್ಟ್.