ಬೇತಾಳನಿಗೊಂದು ಉತ್ತರ

ವಿಕ್ರಮರಾಜನು ಮರದ ಮೇಲಿನ ಶವವನ್ನಿಳಿಸಿ, ಹೆಗಲಿಗೇರಿಸಿಕೊಂಡು, ಮೌನವಾಗಿ ಸ್ಮಶಾನದತ್ತ ನಡೆಯುತ್ತಿದ್ದಾಗ ಅದರೊಳಗಿದ್ದ ಬೇತಾಳವು ಅವನಿಗೆ ಕಥೆ ಹೇಳಿದ ಪ್ರಸಂಗವನ್ನು ಕೇಳದವರು ನಮ್ಮಲ್ಲಿ ವಿರಳ. ಕಥೆ ಮುಗಿದೊಡನೆ ಬೇತಾಳವು ಒಂದು ಪ್ರಶ್ನೆ ಕೇಳುತ್ತದೆ. ಉತ್ತರ ತಿಳಿದಿದ್ದೂ ರಾಜನು ಹೇಳದೆ ಹೋದರೆ ಅವನ ತಲೆ ಸಿಡಿದು ಹೋಳಾಗಬೇಕು. ಹೇಳಿದರೆ ಮೌನ ಮುರಿದಂತಾಗಿ ಶವವು ಮತ್ತೆ ಮರಕ್ಕೆ ಹಾರಿಹೋಗಬೇಕು. ಬಾಲ್ಯದಲ್ಲಿ ಈ ಷರತ್ತು ನನಗೆ ಬರಿಯ ತಮಾಷೆಯಾಗಿ ಕಂಡಿತ್ತು. ಈಗ ನೋಡಿದರೆ ಅದರಲ್ಲಿ ಓದುಗನ ಧರ್ಮವೇ ಅಡಗಿದೆಯೆಂದು ತೋರುತ್ತದೆ. ಕಥೆ ಕೇಳಿದವನು ಅದರ ಬಗೆಗೆ ತನಗೆ ತೋರಿದ್ದನ್ನು ಹೇಳಬೇಕು. ಕಾರಣ ಕೊಟ್ಟು ಹೇಳಬೇಕು. ಸುಮ್ಮನಿದ್ದರೆ ಕೆಡುವುದು ಅವನದೇ ತಲೆ!

ಬೇತಾಳದ ಪ್ರಶ್ನೆಯ ಸ್ವರೂಪವನ್ನೂ ಗಮನಿಸಬೇಕು. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವನು 'ಕಥಾಸರಿತ್ಸಾಗರ'ದಲ್ಲಿ ಪೋಣಿಸಿದ ಈ ಕಥೆಗಳಲ್ಲಿ ಒಂದು ಹೀಗಿದೆ: ದೇವಿಯ ಗುಡಿಯಲ್ಲಿ ತಲೆಗಡಿದುಕೊಂಡು ಬಿದ್ದಿದ್ದ ಗಂಡನನ್ನೂ ಸಹೋದರನನ್ನೂ ಬದುಕಿಸುವ ವರ ಒಬ್ಬ ಹೆಣ್ಣಿಗೆ ದೊರೆಯುತ್ತದೆ. ಗಾಬರಿಯಲ್ಲಿ ಅವಳು ಒಬ್ಬನ ಮುಂಡಕ್ಕೆ ಇನ್ನೊಬ್ಬನ ತಲೆಯನ್ನು ಸೇರಿಸಿಬಿಡುತ್ತಾಳೆ. ಇಬ್ಬರೂ ಎದ್ದು ಕುಳಿತರು. ಈಗ ಅವಳ ಗಂಡ ಯಾರು? ಇಲ್ಲಿ ಬೇತಾಳವು 'ಕಡಿದ ತಲೆ ಮತ್ತೆ ಅಂಟುವುದುಂಟೆ?' ಎಂದು ಕೇಳುವುದಿಲ್ಲ. ಅಂಟಿತು ಎಂದು ಒಪ್ಪಿಕೊಂಡ ಮೇಲೆ ನ್ಯಾಯ ಯಾವುದು ಎಂದು ಕೇಳುತ್ತದೆ. ಅಂಗಗಳಲ್ಲಿ ಶಿರಸ್ಸೇ ಶ್ರೇಷ್ಠವಾದುದರಿಂದ ಗಂಡನ ತಲೆಯುಳ್ಳವನೇ ಗಂಡನೆಂದು ರಾಜನು ತೀರ್ಪು ಕೊಟ್ಟನು. ಆದರೆ ಆ ತೀರ್ಪು ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ. 1940ರಲ್ಲಿ ಜರ್ಮನ್ ಲೇಖಕ ಥಾಮಸ್ ಮನ್ ಅದೇ ಕಥೆಯಲ್ಲಿ ಸಹೋದರನ ಬದಲು ಗೆಳೆಯನನ್ನಿರಿಸಿ ಒಂದು ಕಿರುಕಾದಂಬರಿಯನ್ನು ಬರೆದನು. 1971ರಲ್ಲಿ ನಮ್ಮ ಗಿರೀಶ ಕಾರ್ನಾಡರು 'ಹಯವದನ' ನಾಟಕದಲ್ಲಿ ಅದನ್ನು ಮತ್ತೆ ಕೆದಕಿದರು. ತಲೆಯೇ ದೊಡ್ಡದೆಂದು ಹೇಳಿದ ಮೇಲೂ ದೇಹದ ನೆನಪು ಎಲ್ಲಿ ಹೋಗುತ್ತದೆ ಎಂಬ ಸಂದೇಹವನ್ನು ಅವರು ಉಳಿಸಿಕೊಟ್ಟರು. ಒಂಬೈನೂರು ವರ್ಷಗಳಷ್ಟು ಹಿಂದಿನ ಒಂದು ಅದ್ಭುತ ಕಥೆಯ ಬಗೆಗೆ ಓದುಗರು ಪರಸ್ಪರ ಹೇಳಿಕೊಂಡ ಅಭಿಪ್ರಾಯಗಳಲ್ಲವೆ ಇವು?

ಹೀಗಿದ್ದರೂ ಅದ್ಭುತ ಕಥೆಗಳೆಂದರೆ, ವಿಜ್ಞಾನದ ಕಾದಂಬರಿಗಳೆಂದರೆ, ನಮ್ಮ ವಿದ್ಯಾವಂತರಲ್ಲಿ ಅನೇಕರಿಗೆ ತಾತ್ಸಾರ. 'ಕಾಗಕ್ಕ ಗುಬ್ಬಕ್ಕನ ಕಥೆ' ಎಂದು ಒಂದೇ ಮಾತಿನಲ್ಲಿ ಅವನ್ನು ಮೂಲೆಗೆ ತಳ್ಳುತ್ತಾರೆ. ಅನ್ಯರನ್ನು ದೂರುವ ಅಧಿಕಾರ ನನಗಿಲ್ಲ. 1986ರಲ್ಲಿ, ನಾನು ಹೊಸದಾಗಿ ಉಪಾಧ್ಯಾಯನಾಗಿದ್ದ ಕಾಲ. ಒಂಬತ್ತನೆಯ ತರಗತಿಯಲ್ಲಿ ಹಳಗನ್ನಡದ ಪದ್ಯವೊಂದನ್ನು ವಿವರಿಸುತ್ತಿದ್ದೆ. ಕೊನೆಯ ಬೆಂಚಿನ ಹುಡುಗನೊಬ್ಬ ಪಠ್ಯಪುಸ್ತಕದೊಳಗೆ ಬೇರೊಂದು ಪುಸ್ತಕವನ್ನಿಟ್ಟುಕೊಂಡು ಓದುತ್ತಿದ್ದನು. ಅದೊಂದು ಮಾಂತ್ರಿಕ ಕಾದಂಬರಿ. ರಟ್ಟು ಕಿತ್ತುಹೋಗಿತ್ತು, ಹೆಸರಿದ್ದ ಪುಟವೂ ಇರಲಿಲ್ಲ. "ಸಾರ್, ಇದರಲ್ಲಿ ಒಂದು..." ಎಂದು ಅವನು ಏನನ್ನೋ ಹೇಳಲು ಬಾಯಿ ತೆರೆದನು. ನಾನು ಪುಸ್ತಕವನ್ನು ಕಸಿದುಕೊಂಡು, "ರಾಕ್ಷಸನ ಕಥೆಯಲ್ಲಿ ಹೇಳುವುದಕ್ಕೆ ಏನಿದೆಯೋ?" ಎಂದೆ. ತರಗತಿಯೆಲ್ಲ ನಕ್ಕಿತು. ಪುಸ್ತಕ ಬೀರುವಿಗೆ ಸೇರಿತು. ಆ ವರ್ಷ ಅವನು ನನ್ನ ತರಗತಿಯಲ್ಲಿ ಮತ್ತೆ ತಾನಾಗಿ ಬಾಯಿ ತೆರೆಯಲಿಲ್ಲ.

ನಿವೃತ್ತನಾದ ಮೇಲೆ ನಾನು ನೊಣವಿನಕೆರೆಯಲ್ಲಿ ನೆಲೆಸಿದ್ದೇನೆ. ಭಾನುವಾರ ಸಂಜೆ ನಮ್ಮ ಮನೆಯ ಜಗಲಿಯ ಮೇಲೆ ಓದುವ ಹವ್ಯಾಸವಿರುವ ಐದಾರು ಮಂದಿ ಸೇರುತ್ತಾರೆ. ಪ್ರೌಢಶಾಲೆಯ ಹುಡುಗ ಹುಡುಗಿಯರು, ತೆಂಗಿನ ತೋಟದ ರೈತರೊಬ್ಬರು, ಅಂಚೆ ಕಚೇರಿಯಿಂದ ನಿವೃತ್ತರಾದ ಹಿರಿಯರೊಬ್ಬರು. ಯಾರಾದರೂ ಒಂದು ಕಥೆಯನ್ನು ಓದಬೇಕು ಅಥವಾ ಹೇಳಬೇಕು. ಉಳಿದವರು ಬೇತಾಳನಿಗೆ ಉತ್ತರ ಕೊಡಬೇಕು. 'ಚೆನ್ನಾಗಿದೆ', 'ಚೆನ್ನಾಗಿಲ್ಲ' ಎಂಬೆರಡು ಉತ್ತರಗಳನ್ನು ನಾವು ಎಣಿಕೆಗೆ ತೆಗೆದುಕೊಳ್ಳುವುದಿಲ್ಲ.

ಒಮ್ಮೆ ನಾನು ಜಗದೀಶಚಂದ್ರ ಬೋಸರ ಕಥೆಯೊಂದನ್ನು ಹೇಳಿದೆ. ಸಸ್ಯಗಳ ಸ್ಪಂದನವನ್ನು ಅಳೆದ ಆ ವಿಜ್ಞಾನಿ 1896ರಲ್ಲಿ, ತಲೆಗೂದಲಿನ ಎಣ್ಣೆಯ ತಯಾರಕರೊಬ್ಬರು ನಡೆಸಿದ ಕಥಾಸ್ಪರ್ಧೆಗಾಗಿ ಬಂಗಾಳಿಯಲ್ಲಿ ಅದನ್ನು ಬರೆದರು. ಕಲ್ಕತ್ತೆಯ ಮೇಲೆ ಬೀಸಬೇಕಾಗಿದ್ದ ಚಂಡಮಾರುತ ಇದ್ದಕ್ಕಿದ್ದಂತೆ ಮಾಯವಾಗುತ್ತದೆ. ವಿದ್ವಾಂಸರೆಲ್ಲ ಕಾರಣ ತಿಳಿಯದೆ ಕಂಗಾಲಾಗುತ್ತಾರೆ. ನಿಜವೆಂದರೆ, ಹಡಗಿನಲ್ಲಿ ಹೋಗುತ್ತಿದ್ದ ಒಬ್ಬನು ತನ್ನಲ್ಲಿದ್ದ ಕೂದಲೆಣ್ಣೆಯ ಶೀಶೆಯನ್ನು ಸಮುದ್ರಕ್ಕೆಸೆದು ಅಲೆಗಳನ್ನು ಅಡಗಿಸಿರುತ್ತಾನೆ. ಕಥೆ ಮುಗಿಯುತ್ತಲೇ ಹುಡುಗನೊಬ್ಬ ಆಕ್ಷೇಪಿಸಿದ: "ಸಾರ್, ಚಳಿಗಾಲದಲ್ಲಿ ನಮ್ಮ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿರುತ್ತದೆ. ಶೀಶೆ ಬೋರಲು ಹಾಕಿದರೂ ಬೀಳೋದಿಲ್ಲ!" ಅವನ ಪಕ್ಕದಲ್ಲಿದ್ದ ಹುಡುಗಿ, "ಅದು ಸೆಕೆಯ ಸಮುದ್ರ ಕಣೋ, ತಿಪಟೂರಿನ ಚಳಿಯಲ್ಲ" ಎಂದಳು. ಎಲ್ಲರೂ ನಕ್ಕರೂ ಚರ್ಚೆ ಅಲ್ಲಿಗೆ ನಿಲ್ಲಲಿಲ್ಲ. ಎಣ್ಣೆಗೆ ನೀರಿನ ಮೇಲಿನ ಕಿರುದೆರೆಗಳನ್ನು ತಣಿಸುವ ಗುಣವಿರುವುದು ನಿಜ. ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ನಿನ ಹತ್ತಿರದ ಕೊಳವೊಂದರಲ್ಲಿ ಒಂದು ಚಮಚ ಎಣ್ಣೆಯಿಂದ ಇದನ್ನು ಮಾಡಿ ತೋರಿಸಿ, 1774ರಲ್ಲಿ ಪ್ರಕಟಿಸಿದ್ದನು. ಕೆರೆಯ ತೆರೆಗೂ ಕಡಲಿನ ಚಂಡಮಾರುತಕ್ಕೂ ಇರುವ ಅಂತರವನ್ನು ಬೋಸರು ಅರಿಯದವರಲ್ಲ. ಒಂದು ಸತ್ಯದ ಬೀಜವನ್ನು ಬಿತ್ತಿ ಮರ ಎಷ್ಟೆತ್ತರ ಬೆಳೆದೀತೆಂದು ಅವರು ನಗುತ್ತ ನೋಡಿದರು. ಅಷ್ಟರಲ್ಲೇ ಪಂಡಿತರನ್ನೂ ಸ್ವಲ್ಪ ಕೆಣಕಿದರು. ಇದು ನನ್ನ ಅಭಿಪ್ರಾಯ. ಅಂಚೆಯ ಹಿರಿಯರು ಮಾತ್ರ ಇದನ್ನು ಎಣ್ಣೆಯ ಜಾಹೀರಾತೆಂದೇ ಇಂದಿಗೂ ವಾದಿಸುತ್ತಾರೆ. ಅವರ ವಾದದಲ್ಲಿ ಹುರುಳಿಲ್ಲವೆನ್ನಲಾರೆ.

ವಿಜ್ಞಾನದ ಕಥೆಯಲ್ಲಿ ಸತ್ಯ ಎಷ್ಟಿರಬೇಕೆಂಬ ಜಗಳ ದೊಡ್ಡ ಲೇಖಕರಲ್ಲಿಯೂ ನಡೆದಿದೆ. ಫ್ರಾನ್ಸಿನ ಜೂಲ್ಸ್ ವೆರ್ನ್ 1865ರ ತನ್ನ ಕಾದಂಬರಿಯಲ್ಲಿ ಮೂವರನ್ನು ಫಿರಂಗಿಯ ಗುಂಡಿನೊಳಗೆ ಕೂರಿಸಿ ಚಂದ್ರನತ್ತ ಹಾರಿಸಿದನು. ಇಂಗ್ಲೆಂಡಿನ ಎಚ್. ಜಿ. ವೆಲ್ಸ್ 1901ರಲ್ಲಿ ಗುರುತ್ವಾಕರ್ಷಣೆಯನ್ನೇ ತಡೆಯುವ ವಸ್ತುವೊಂದನ್ನು ಕಲ್ಪಿಸಿ ಚಂದ್ರನಲ್ಲಿಗೆ ಜನರನ್ನು ಕಳುಹಿಸಿದನು. ತಾನು ಭೌತಶಾಸ್ತ್ರವನ್ನು ಬಳಸುತ್ತೇನೆ, ಅವನಾದರೋ ಇಲ್ಲದ್ದನ್ನು ಸೃಷ್ಟಿಸುತ್ತಾನೆ ಎಂದು ವೆರ್ನ್ ದೂರಿದನು. ನ್ಯಾಯವಾದ ದೂರೆಂದು ಮೇಲುನೋಟಕ್ಕೆ ಕಾಣುತ್ತದೆ. ಆದರೆ ಫಿರಂಗಿಯಿಂದ ಹೊರಟ ಗುಂಡು ಕ್ಷಣಮಾತ್ರದಲ್ಲಿ ಅಂಥ ವೇಗವನ್ನು ಪಡೆದರೆ ಒಳಗಿದ್ದವರು ಅಪ್ಪಚ್ಚಿಯಾಗುತ್ತಿದ್ದರು. ವೆರ್ನ್ ಆಘಾತವನ್ನು ತಡೆಯಲೆಂದು ನೀರಿನ ಮೆತ್ತೆಯನ್ನೇನೋ ಇರಿಸಿದ್ದಾನೆ. ಅದು ಯಾತಕ್ಕೂ ಸಾಲದು. ಅಂದ ಮೇಲೆ ಶಾಸ್ತ್ರವನ್ನು ನಂಬಿದವನೂ ತಪ್ಪಿದನು, ಮಂತ್ರದಂಥ ಲೋಹವನ್ನು ಸೃಷ್ಟಿಸಿದವನೂ ತಪ್ಪಿದನು. 1969ರಲ್ಲಿ ಮನುಷ್ಯನು ಚಂದ್ರನನ್ನು ಮುಟ್ಟಿದ್ದು ಇವೆರಡೂ ಅಲ್ಲದ ರಾಕೆಟ್ಟಿನಿಂದ. ಆದರೂ ಎರಡು ಪುಸ್ತಕಗಳನ್ನೂ ಜನ ಇಂದಿಗೂ ಓದುತ್ತಿದ್ದಾರೆ. ಆದುದರಿಂದ, 'ಇದು ಸಾಧ್ಯವೆ?' ಎಂಬ ಒಂದೇ ತಕ್ಕಡಿಯಲ್ಲಿ ಈ ಬಗೆಯ ಕಾದಂಬರಿಗಳನ್ನು ತೂಗುವುದು ಸರಿಯಲ್ಲ. ಲೇಖಕನು ತನ್ನ ಲೋಕಕ್ಕೆ ಒಂದು ನಿಯಮವನ್ನು ವಿಧಿಸಿಕೊಳ್ಳುತ್ತಾನೆ. ಆ ನಿಯಮವನ್ನು ಅವನು ಕೊನೆಯವರೆಗೂ ಪಾಲಿಸಿದನೆ? ಆ ಲೋಕದಲ್ಲಿ ಮನುಷ್ಯರು ಮನುಷ್ಯರಂತೆಯೇ ನಡೆದುಕೊಂಡರೆ? ನಾನು ಕೇಳುವುದು ಇವನ್ನು.

ನಮ್ಮ ಜಗಲಿಯಲ್ಲಿ ಅತಿ ಹೆಚ್ಚು ವಾದವಾದದ್ದು ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೋ' ಬಗೆಗೆ. 1980ರಲ್ಲಿ ಪ್ರಕಟವಾದ ಈ ಕಾದಂಬರಿಯಲ್ಲಿ ವಿಜ್ಞಾನಿ ಕರ್ವಾಲೋ, ಜೇನು ಕೀಳುವ ಮಂದಣ್ಣ ಮತ್ತು ಅವರ ಸಂಗಡಿಗರು ಬಹು ಪ್ರಾಚೀನವಾದ ಹಾರುವ ಓತಿಯೊಂದನ್ನು ಹುಡುಕುತ್ತ ಮಲೆನಾಡಿನ ಕಾಡನ್ನು ಹೊಗುತ್ತಾರೆ. ಕಡೆಯಲ್ಲಿ ಓತಿ ಕಾಣುತ್ತದೆ. ಕೈಗೆ ಮಾತ್ರ ಸಿಗದೆ ಕಣಿವೆಯ ಆಳಕ್ಕೆ ತೇಲಿಹೋಗುತ್ತದೆ. "ಇಷ್ಟು ನಡೆಸಿ ಬರಿಗೈಯಲ್ಲಿ ಕಳಿಸಿದರಲ್ಲ ಮೇಷ್ಟ್ರೇ, ಇದು ಮೋಸ" ಎಂದರು ತೋಟದ ರೈತರು. ಓತಿಗೆ ರೆಕ್ಕೆಯೆಂಬುದೇ ಸುಳ್ಳು ಎಂದ ಒಬ್ಬ ಹುಡುಗ. ಅವನ ತಿಳಿವಳಿಕೆಯನ್ನು ತಿದ್ದಬೇಕಾಯಿತು. ಪಶ್ಚಿಮ ಘಟ್ಟಗಳ ಕಾಡುಗಳಲ್ಲಿಯೂ ಅಡಿಕೆ ತೋಟಗಳಲ್ಲಿಯೂ ಹಾರುವ ಓತಿ ಇಂದಿಗೂ ಇದೆ. ಉದ್ದವಾದ ಪಕ್ಕೆಲುಬುಗಳ ಮೇಲಿನ ಚರ್ಮವನ್ನು ಕೊಡೆಯಂತೆ ಅಗಲಿಸಿ ಅದು ಮರದಿಂದ ಮರಕ್ಕೆ ತೇಲುತ್ತದೆ. ಈ ನಿಜವಾದ ಪ್ರಾಣಿಯನ್ನು ಹಿಡಿದುಕೊಂಡು ತೇಜಸ್ವಿಯವರು ಕೋಟ್ಯಂತರ ವರ್ಷಗಳಾಚೆಗೆ ನಮ್ಮನ್ನು ಒಯ್ದರು. ಅಷ್ಟರಲ್ಲಿ, ಕೂದಲೆಣ್ಣೆಯ ದಿನ ಮಾತಾಡಿದ್ದ ಆ ಹುಡುಗಿಯೇ ಹೇಳಿದಳು: "ಓತಿ ಸಿಕ್ಕಿದ್ದರೆ ಅದು ಬಾಟಲಿಯಲ್ಲಿ ಇರುತ್ತಿತ್ತು. ಈಗ ಕಾಡಿನಲ್ಲಿದೆ. ಹುಡುಕೋಕೆ ನಮಗೂ ಉಳೀತು." ರೈತರು ಬಹಳ ಹೊತ್ತು ಸುಮ್ಮನಿದ್ದು, "ಕಾಯಿ ಕೀಳದೆ ಮರದಲ್ಲೇ ಬಿಟ್ಟ ಹಾಗಾಯ್ತು" ಎಂದರು. ಅದು ಒಪ್ಪಿಗೆಯೋ ಕೊಂಕೋ ನನಗೆ ತಿಳಿಯಲಿಲ್ಲ. ಮುಂದಿನ ಭಾನುವಾರ ಅವರು ಪುಸ್ತಕವನ್ನು ಎರಡನೆಯ ಸಲ ಓದಿ ಬಂದಿದ್ದರು.

ನಮ್ಮ ನೆರೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರಾದ ತೀ. ನಂ. ಶ್ರೀಕಂಠಯ್ಯನವರು 1953ರಲ್ಲಿ ಪ್ರಕಟವಾದ 'ಭಾರತೀಯ ಕಾವ್ಯಮೀಮಾಂಸೆ'ಯಲ್ಲಿ ಸಹೃದಯನ ವಿಚಾರವನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಕವಿಯ ಹೃದಯಕ್ಕೆ ಸಮನಾದ ಹೃದಯವುಳ್ಳ ಓದುಗನಿಲ್ಲದೆ ಕಾವ್ಯ ಪೂರ್ಣವಾಗದೆಂಬುದು ನಮ್ಮ ಪ್ರಾಚೀನರ ಮತ. ಸಹೃದಯನೆಂದರೆ ಎಲ್ಲಕ್ಕೂ ತಲೆಯಾಡಿಸುವವನೆಂದು ಮಾತ್ರ ಭಾವಿಸಬಾರದು. ನಮ್ಮ ಸೀಮೆಯಲ್ಲಿ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇಟ್ಟು ಉಂಡೆಕೊಬ್ಬರಿ ಮಾಡುತ್ತಾರೆ. ಸುಲಿಯುವ ಮುನ್ನ ಕಿವಿಯ ಬಳಿ ಹಿಡಿದು ಅಲುಗಿಸುತ್ತಾರೆ. ಒಳಗೆ ಕೊಬ್ಬರಿ ಚಿಪ್ಪು ಬಿಟ್ಟು ಆಡುವ ಸದ್ದು ಕೇಳಬೇಕು. ಸದ್ದಿಲ್ಲದ ಕಾಯನ್ನು ಒಡೆಯುವುದಿಲ್ಲ, ಎಸೆಯುವುದೂ ಇಲ್ಲ, ಮತ್ತೆ ಅಟ್ಟಕ್ಕೇರಿಸುತ್ತಾರೆ. ಪುಸ್ತಕ ಮುಚ್ಚಿದ ಮರುಗಳಿಗೆಯೇ ತೀರ್ಪು ಕೊಡುವ ಆತುರದವರಿಗೆ ನಾನು ಈ ಅಟ್ಟವನ್ನು ತೋರಿಸುತ್ತೇನೆ. ವಿಜ್ಞಾನ ಕಾದಂಬರಿಗೆ ಕನ್ನಡದಲ್ಲಿ ದಾರಿ ಮಾಡಿದವರಲ್ಲಿ ಮುಖ್ಯರಾದ ರಾಜಶೇಖರ ಭೂಸನೂರಮಠರ ಬರಹ ಮೊದಲ ಓದಿಗೆ ನನಗೆ ರುಚಿಸಿರಲಿಲ್ಲ. ಎರಡನೆಯ ಓದಿಗೆ ರುಚಿಸಿತು. ನನ್ನ ಜೊತೆಗಾರರಲ್ಲಿ ಕೆಲವರಿಗೆ ಅದು ತಿರುಗುಮುರುಗು.

ಇನ್ನು ಆ ಮಾಂತ್ರಿಕ ಕಾದಂಬರಿಯ ವಿಚಾರ. 2019ರಲ್ಲಿ ನಿವೃತ್ತನಾಗುವ ವಾರ ಬೀರುವನ್ನು ಖಾಲಿ ಮಾಡುವಾಗ ಅದು ತಳದಲ್ಲಿ ಸಿಕ್ಕಿತು. ಅಂಚುಗಳನ್ನು ಹುಳು ತಿಂದಿತ್ತು. ಪುಟ ತಿರುವಿದರೆ ಪಕ್ಕದ ಖಾಲಿ ಜಾಗದಲ್ಲಿ ಪೆನ್ಸಿಲ್ಲಿನ ಅಕ್ಷರಗಳು: 'ಇವನ ಪ್ರಾಣ ಗಿಳಿಯಲ್ಲಿದೆ. ಹಾಗಾದರೆ 12ನೇ ಪುಟದಲ್ಲಿ ಕತ್ತಿ ನೋಡಿ ಯಾಕೆ ಹೆದರಿದ?' ಹದಿನಾಲ್ಕು ವರ್ಷದ ಹುಡುಗ ಲೇಖಕನ ನಿಯಮವನ್ನು ಹಿಡಿದು ಲೇಖಕನನ್ನೇ ಪ್ರಶ್ನಿಸಿದ್ದನು. ಅಂದು ತರಗತಿಯಲ್ಲಿ ಅವನು ಹೇಳಹೊರಟದ್ದು ಇದನ್ನೇ ಇರಬೇಕು. ವಿಮರ್ಶೆಯೆಂದರೇನೆಂದು ನಾನು ಕಪ್ಪುಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸುತ್ತಿದ್ದ ಕಾಲದಲ್ಲಿ ವಿಮರ್ಶಕನೊಬ್ಬ ಕೊನೆಯ ಬೆಂಚಿನಲ್ಲಿ ಕುಳಿತಿದ್ದನು.

ಅವನು ಈಗ ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರಿ. ವಿಚಾರಿಸಿಕೊಂಡು ಅವನ ಮಂಡಿಗೆ ಹೋಗಿ, ಆದದ್ದನ್ನು ಹೇಳಿ ಪುಸ್ತಕವನ್ನು ಅವನ ಕೈಗಿತ್ತೆ. ನಲವತ್ತು ದಾಟಿದ ಆ ಮನುಷ್ಯ ತನ್ನ ಹಳೆಯ ಬರವಣಿಗೆಯನ್ನು ಕನ್ನಡಕ ಸರಿಪಡಿಸಿಕೊಂಡು ಓದಿದನು. ನಾನು ಕ್ಷಮೆ ಕೇಳಲು ಮಾತು ಹುಡುಕುತ್ತಿದ್ದೆ. ಅವನ ಗಮನ ಅತ್ತ ಇರಲಿಲ್ಲ.

"ಅವನು ಹೆದರಿರಲಿಲ್ಲ ಸಾರ್. ಹೆದರಿದ ಹಾಗೆ ನಟಿಸಿದ. ಕತ್ತಿಯಿಂದ ಸಾಯ್ತೀನಿ ಅಂತ ರಾಜಕುಮಾರ ನಂಬಲಿ, ಗಿಳಿ ಕಡೆಗೆ ಹೋಗದೇ ಇರಲಿ ಅಂತ. ಆಗ ನನಗೆ ಹೊಳೀಲಿಲ್ಲ" ಎಂದನು.

"ಇರಲಾರದಪ್ಪ. ನಟನೆಯಾಗಿದ್ದರೆ ಲೇಖಕ ಎಲ್ಲಾದರೂ ಒಂದು ಸುಳಿವು ಕೊಡಬೇಕಿತ್ತು" ಎಂದೆ.

"ಕೊಟ್ಟಿದ್ದಾರೆ, ಕೂತ್ಕೊಳ್ಳಿ ಸಾರ್" ಎಂದು ಅವನು ಮೊದಲಿನಿಂದ ಪುಟಗಳನ್ನು ತಿರುವತೊಡಗಿದನು. ಹೊರಗೆ ಲಾರಿಗೆ ಚೀಲ ತುಂಬುತ್ತಿದ್ದವರು ಎರಡು ಸಲ ಕೂಗಿ ಕರೆದರು. ಅವನು ಏಳಲಿಲ್ಲ.