ಕಂಟ್ರೋಲ್ ಎಲ್ಲಿ?

ಕಳೆದ ಸೆಮಿಸ್ಟರ್ ಮಿನಿ ಪ್ರಾಜೆಕ್ಟ್‌ಗೆ ನಾವು ನಾಲ್ಕು ಜನ ಯೀಸ್ಟ್‌ನ ಚಿಪ್-ಸೀಕ್ ಡೇಟಾ ಡೌನ್‌ಲೋಡ್ ಮಾಡಿ ಗ್ರಾಫ್ ಹಾಕಿದ್ವಿ. ಎತ್ತರೆತ್ತರದ ಪೀಕ್‌ಗಳು ಬಂದವು. ಇಲ್ಲೆಲ್ಲಾ ನಮ್ಮ ಪ್ರೋಟೀನ್ ಕೂತಿದೆ ಅಂತ ರಿಪೋರ್ಟ್ ಬರೆದೇಬಿಟ್ವಿ. ವೈವಾದಲ್ಲಿ ಮೇಡಂ ಕೇಳಿದ್ದು ಒಂದೇ ಪ್ರಶ್ನೆ: "ಕಂಟ್ರೋಲ್ ಎಲ್ಲಿ?" ನಮ್ಮ ಹತ್ರ ಉತ್ತರ ಇರಲಿಲ್ಲ.

ಬೇರೆ ಬ್ರ್ಯಾಂಚ್‌ನವರಿಗಾಗಿ ಎರಡು ಮಾತು. ಯಾವ ಜೀನ್ ಯಾವಾಗ ಆನ್ ಆಗಬೇಕು ಅನ್ನೋದನ್ನ ಡಿಎನ್‌ಎ ಮೇಲೆ ಬಂದು ಕೂರುವ ಪ್ರೋಟೀನ್‌ಗಳು ನಿಯಂತ್ರಿಸುತ್ತವೆ. ಅವು ಎಲ್ಲಿ ಕೂತಿವೆ ಅಂತ ತಿಳಿಯೋಕೆ, ಮೊದಲು ಫಾರ್ಮಾಲ್ಡಿಹೈಡ್ ಹಾಕಿ ಪ್ರೋಟೀನನ್ನು ಡಿಎನ್‌ಎಗೆ ಅಂಟಿಸ್ತಾರೆ. ಆಮೇಲೆ ಡಿಎನ್‌ಎಯನ್ನು ಚೂರು ಮಾಡಿ, ಆ ಪ್ರೋಟೀನನ್ನೇ ಹಿಡಿಯುವ ಆಂಟಿಬಾಡಿಯಿಂದ ಅದು ಅಂಟಿರೋ ಚೂರುಗಳನ್ನು ಎಳೆದುಕೊಂಡು, ಅಂಟು ಬಿಡಿಸಿ, ಸೀಕ್ವೆನ್ಸ್ ಮಾಡ್ತಾರೆ. ಯಾವ ಜಾಗದ ಚೂರುಗಳು ರಾಶಿ ಬಿದ್ದಿವೆಯೋ ಅಲ್ಲಿ ಪೀಕ್. 2007ರಿಂದ ಈ ವಿಧಾನ ಬಳಕೆಯಲ್ಲಿದೆ.

ಆದ್ರೆ ರಾಶಿ ಬಿದ್ದಿದೆ ಅಂದಮಾತ್ರಕ್ಕೆ ಪ್ರೋಟೀನ್ ಅಲ್ಲಿತ್ತು ಅಂತಲ್ಲ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜಿಎಫ್‌ಪಿ ಇಟ್ಟು ಇದೇ ಪ್ರಯೋಗ ಮಾಡಿದ್ರು. ಅದು ಜೆಲ್ಲಿಫಿಶ್‌ನ ಹಸಿರಾಗಿ ಹೊಳೆಯೋ ಪ್ರೋಟೀನ್. ಯೀಸ್ಟ್‌ನ ಡಿಎನ್‌ಎ ಮೇಲೆ ಅದಕ್ಕೇನೂ ಕೆಲಸ ಇಲ್ಲ. ಆದರೂ ಪೀಕ್ ಬಂತು, ಅದೂ ಜೋರಾಗಿ ಕೆಲಸ ಮಾಡ್ತಿರೋ ಜೀನ್‌ಗಳ ಮೇಲೆ.

ಇದನ್ನು ಓದಿದ ಮೇಲೆ ನಮ್ಮ ಡೇಟಾ ಮತ್ತೆ ತೆಗೆದ್ವಿ. ಆಂಟಿಬಾಡಿ ಹಿಡಿಯಬೇಕಾದ ಗುರುತೇ ಇಲ್ಲದ ಯೀಸ್ಟ್‌ನ ಫೈಲ್ ಪಕ್ಕದಲ್ಲೇ ಇತ್ತು, ನಾವೇ ತೆರೆದಿರಲಿಲ್ಲ. ಎರಡನ್ನೂ ಜೊತೆಗಿಟ್ಟು ನೋಡಿದಾಗ ನಮ್ಮ ಪೀಕ್‌ಗಳಲ್ಲಿ ಅರ್ಧಕ್ಕರ್ಧ ಅದರಲ್ಲೂ ಇದ್ದವು.

"ಮಿನಿ ಪ್ರಾಜೆಕ್ಟ್ ತಾನೇ, ಬಿಡ್ರೋ" ಅಂತ ಸೀನಿಯರ್ಸ್ ಅಂದ್ರು. ಹೊಸ ವಿಧಾನಗಳಿವೆ, ಅವುಗಳಲ್ಲಿ ಈ ಗಲಾಟೆ ಕಡಿಮೆ ಅಂತಲೂ ಅಂದ್ರು. 2017ರ ಕಟ್ ಅಂಡ್ ರನ್‌ನಲ್ಲಿ ಹಿನ್ನೆಲೆಯ ಕಸ ಕಡಿಮೆ ನಿಜ. ಆದ್ರೆ ಅದಕ್ಕೂ ಕಂಟ್ರೋಲ್ ಬೇಕೇ ಬೇಕು. ಇಂಥ ಫೈಲ್‌ಗಳನ್ನೇ ತಗೊಂಡು ನಮ್ಮಂಥವರು ಮಷೀನ್ ಲರ್ನಿಂಗ್ ಮಾಡೆಲ್ ಕಲಿಸ್ತಾರೆ. ಸುಳ್ಳು ಪೀಕ್ ಕೊಟ್ರೆ ಮಾಡೆಲ್ ಅದನ್ನೂ ಶ್ರದ್ಧೆಯಿಂದ ಕಲಿಯುತ್ತೆ.

ಪರೀಕ್ಷೆಗೆ ನಾವು ಪ್ರಯೋಗದ ಸ್ಟೆಪ್‌ಗಳನ್ನ ಬಾಯಿಪಾಠ ಮಾಡ್ತೀವಿ, ಮಾರ್ಕ್ಸೂ ಅದಕ್ಕೇ ಬರುತ್ತೆ. ಕಂಟ್ರೋಲ್ ಯಾಕೆ ಅಂತ ಯಾರೂ ಕೇಳಲ್ಲ. ಮುಂದಿನ ಸಲದಿಂದ ಪ್ರಾಜೆಕ್ಟ್ ರಿಪೋರ್ಟ್‌ನ ಮೊದಲ ಗ್ರಾಫ್ ಕಂಟ್ರೋಲ್‌ದೇ ಇರಲಿ, ಮಾರ್ಕ್ಸೂ ಅದಕ್ಕಿರಲಿ ಅನ್ನೋದು ನಮ್ಮ ಅಭಿಪ್ರಾಯ. ಹಾಗಿದ್ದಿದ್ರೆ ನಾವು ಆ ಫೈಲನ್ನ ವೈವಾಕ್ಕಿಂತ ಮುಂಚೆನೇ ತೆರೀತಿದ್ವಿ.